ಕರು ಸಾಕುವುದೋ, ಕರೆಯುವ ಹಸು ಕೊಳ್ಳುವುದೋ?

ಮನೆಗೆ ಹಾಲಿನ ಅನುಕೂಲ ಆಗಬೇಕಾದರೆ ಎರಡು ದಾರಿ ಉಂಟು. ಒಳ್ಳೆಯ ತಳಿಯ ಕರುವೊಂದನ್ನು ತಂದು, ಹುಲ್ಲು ಹಿಂಡಿ ಹಾಕಿ, ಮೂರು ವರ್ಷ ಕಾದು, ಅದು ಹಸುವಾದ ಮೇಲೆ ಕರೆದುಕೊಳ್ಳುವುದು ಒಂದು. ಕೈತುಂಬ ಹಣ ಎಣಿಸಿ ಸಂತೆಯಿಂದ ಕರೆಯುವ ಹಸುವನ್ನೇ ಹೊಡೆದುಕೊಂಡು ಬರುವುದು ಇನ್ನೊಂದು. ಮೊದಲನೆಯದರಲ್ಲಿ ಖರ್ಚು ಕಡಿಮೆ, ಕಾಯುವುದು ಹೆಚ್ಚು. ಕರು ಗೊಡ್ಡಾದರೆ ಹಾಕಿದ ಹಿಂಡಿಯೆಲ್ಲ ದಂಡ. ಎರಡನೆಯದರಲ್ಲಿ ನಾಳೆ ಬೆಳಗ್ಗೆಯೇ ಹಾಲು. ಆದರೆ ಮಾರಿದವನು ಯಾಕೆ ಮಾರಿದ, ಇನ್ನೆಷ್ಟು ಸೂಲು ಉಳಿದಿದೆ ಎಂಬ ಸಂಶಯ ಕೊಂಡವನನ್ನು ಬಿಡುವುದಿಲ್ಲ. ನಮ್ಮ ಹಳ್ಳಿಯ ಜಗುಲಿಗಳಲ್ಲಿ ಈ ಚರ್ಚೆ ಬಹಳ ಹಳೆಯದು. ಇದೇ ಚರ್ಚೆ ಅಮೆರಿಕದ ಫುಟ್‌ಬಾಲ್ ಅಭಿಮಾನಿಗಳಲ್ಲಿ ಪ್ರತಿವರ್ಷ ಮಾರ್ಚಿ, ಏಪ್ರಿಲ್ ತಿಂಗಳುಗಳಲ್ಲಿ ತಪ್ಪದೆ ನಡೆಯುತ್ತದೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಅಲ್ಲಿ ಮಾತು ದನಗಳದಲ್ಲ, ಮನುಷ್ಯರದು. ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಳ್ಳಿ. ಕೊನೆಯಲ್ಲಿ ಅದು ನಮಗೆ ಬೇಕಾಗುತ್ತದೆ.

ಅಮೆರಿಕದ ಫುಟ್‌ಬಾಲ್ ನಮ್ಮ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು, ಎಸೆಯುವುದು, ಎದುರಾಳಿಯ ಮೈಮೇಲೆ ಬಿದ್ದು ಕೆಡಹುವುದು, ಇವೇ ಅದರ ಮುಖ್ಯ ಅಂಗಗಳು. ನ್ಯಾಷನಲ್ ಫುಟ್‌ಬಾಲ್ ಲೀಗು ಎಂಬ ಅಲ್ಲಿನ ಸಂಸ್ಥೆಯಲ್ಲಿ 32 ತಂಡಗಳಿವೆ. ಸೆಪ್ಟೆಂಬರಿನಲ್ಲಿ ಆಟ ಆರಂಭವಾಗಿ ಫೆಬ್ರವರಿಯಲ್ಲಿ ಸೂಪರ್ ಬೌಲ್ ಎಂಬ ಅಂತಿಮ ಪಂದ್ಯದೊಡನೆ ಮುಗಿಯುತ್ತದೆ. ಆಟ ಮುಗಿಯುತ್ತದೆ, ಮಾತು ಮುಗಿಯುವುದಿಲ್ಲ. ಮಾರ್ಚಿಯ ನಡುವಿನಲ್ಲಿ, ಕರಾರು ತೀರಿದ ಅನುಭವಿ ಆಟಗಾರರ ಸಂತೆ ತೆರೆಯುತ್ತದೆ. ಇವರಿಗೆ ಫ್ರೀ ಏಜೆಂಟರು ಎಂದು ಹೆಸರು. ಯಾರು ಹೆಚ್ಚು ಕೊಡುತ್ತಾರೋ, ಯಾವ ಊರು ಮನಸ್ಸಿಗೆ ಒಪ್ಪುತ್ತದೆಯೋ, ಅಲ್ಲಿಗೆ ಹೋಗಲು ಇವರು ಸ್ವತಂತ್ರರು. ಏಪ್ರಿಲ್ ಕೊನೆಗೆ ಡ್ರಾಫ್ಟು. ಕಾಲೇಜುಗಳಲ್ಲಿ ಆಡಿ ಬಂದ ಹುಡುಗರನ್ನು ತಂಡಗಳು ಸರದಿಯಂತೆ ಒಬ್ಬೊಬ್ಬರನ್ನಾಗಿ ಆರಿಸಿಕೊಳ್ಳುವ ಸಭೆ ಅದು. ಒಟ್ಟು ಏಳು ಸುತ್ತು. ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ. ಗೆದ್ದು ಮೆರೆದ ತಂಡಕ್ಕೆ ಕೊನೆಯದು. ಆರಿಸಿದ ತಂಡದ ಹೊರತು ಬೇರೆ ಯಾವ ತಂಡದೊಡನೆಯೂ ಆ ಹುಡುಗ ಸಂಬಳದ ಮಾತಾಡುವಂತಿಲ್ಲ.

ಇಂಥ ಏರ್ಪಾಟು ಏಕೆ ಬಂತು? 1935ರಲ್ಲಿ ಫಿಲಡೆಲ್ಫಿಯ ತಂಡದ ಮಾಲೀಕ ಬರ್ಟ್ ಬೆಲ್ ಇದನ್ನು ಸೂಚಿಸಿದ. ದುಡ್ಡಿದ್ದ ನಾಲ್ಕು ತಂಡಗಳು ಒಳ್ಳೆಯ ಹುಡುಗರನ್ನೆಲ್ಲ ಬಾಚಿಕೊಂಡರೆ ಉಳಿದ ತಂಡಗಳು ಸೋಲುತ್ತಲೇ ಹೋಗುತ್ತವೆ. ಸೋಲುವವರ ಆಟ ನೋಡಲು ಜನ ಬರುವುದಿಲ್ಲ. ಕಡೆಗೆ ಗೆಲ್ಲುವವರಿಗೂ ಎದುರಾಳಿ ಇಲ್ಲದೆ ಅಂಗಡಿ ಮುಚ್ಚಬೇಕಾಗುತ್ತದೆ ಎಂಬುದು ಅವನ ವಾದ. 1936ರ ಫೆಬ್ರವರಿಯಲ್ಲಿ ಮೊದಲ ಡ್ರಾಫ್ಟು ನಡೆಯಿತು. ಒಂಬತ್ತು ತಂಡಗಳು, ಒಂಬತ್ತು ಸುತ್ತು, 81 ಹೆಸರು. ತಮಾಷೆ ಎಂದರೆ ಮೊಟ್ಟಮೊದಲು ಆರಿಸಿದ ಜೇ ಬರ್ವ್ಯಾಂಗರ್ ಎಂಬ ಚಿಕಾಗೋ ವಿಶ್ವವಿದ್ಯಾನಿಲಯದ ತರುಣ ಈ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಸಂಬಳ ಸಾಲದೆಂದು ಬಿಟ್ಟು ರಬ್ಬರು ವ್ಯಾಪಾರಕ್ಕೆ ಹೋದ.

ಈ ಪದ್ಧತಿಯ ನೆರಳು ಒಮ್ಮೆ ನಮ್ಮ ಬೆಂಗಳೂರಿನ ಮೇಲೂ ಬಿದ್ದಿದೆ. ಐಪಿಎಲ್ ಕ್ರಿಕೆಟ್ಟಿನಲ್ಲಿ ಆಟಗಾರರನ್ನು ಹರಾಜಿನಲ್ಲಿ ಕೊಳ್ಳುವುದು ವಾಡಿಕೆಯಾದರೂ, 2008ರ ಮೊದಲ ವರ್ಷ ಹತ್ತೊಂಬತ್ತರ ಒಳಗಿನ ಹುಡುಗರನ್ನು ಮಾತ್ರ ಡ್ರಾಫ್ಟಿನ ಮೂಲಕ ಹಂಚಿದರು. ವಿರಾಟ್ ಕೊಹ್ಲಿಯನ್ನು ಅವನ ಸ್ವಂತ ಊರಾದ ದೆಹಲಿಯ ತಂಡ ಬಿಟ್ಟು ಬೇರೊಬ್ಬನನ್ನು ಆರಿಸಿತು. ಬೆಂಗಳೂರು 30,000 ಡಾಲರಿಗೆ ಅವನನ್ನು ತಂದಿತು. ಅದೇ ಬೆಂಗಳೂರು 2014ರ ಹರಾಜಿನಲ್ಲಿ ಹೆಸರಾಂತ ಯುವರಾಜ್ ಸಿಂಗ್ ಅವರಿಗೆ 14 ಕೋಟಿ ರೂಪಾಯಿ ಕೂಗಿ, ಒಂದೇ ವರ್ಷದಲ್ಲಿ ಬಿಟ್ಟುಕೊಟ್ಟಿತು. ಮೊದಲನೆಯವನು ಹದಿನೆಂಟನೆಯ ವರ್ಷ, 2025ರಲ್ಲಿ, ಕಪ್ಪನ್ನು ಎತ್ತುವಾಗಲೂ ಅಲ್ಲಿಯೇ ಇದ್ದ. ಅಂದಮೇಲೆ ಕರು ಸಾಕುವುದೇ ಮೇಲು ಎಂದು ನೀವು ತೀರ್ಮಾನಿಸಿಬಿಡಬಹುದು. ಸ್ವಲ್ಪ ತಾಳಿ. ಈ ಚರ್ಚೆಯನ್ನು ಎಂಬತ್ತು ತೊಂಬತ್ತು ವರ್ಷಗಳಿಂದ ಅನುಭವಿಸಿರುವ ಒಂದು ಊರನ್ನು ನೋಡಿಕೊಂಡು ಬರೋಣ.

ಆ ಊರು ಗ್ರೀನ್ ಬೇ. ಅಮೆರಿಕದ ಉತ್ತರದಲ್ಲಿ, ಹಾಲು ಬೆಣ್ಣೆಗಳಿಗೆ ಹೆಸರಾದ ವಿಸ್ಕಾನ್ಸಿನ್ ರಾಜ್ಯದಲ್ಲಿದೆ. ಜನಸಂಖ್ಯೆ ಒಂದು ಲಕ್ಷಕ್ಕೆ ಸ್ವಲ್ಪ ಮೇಲೆ. ನ್ಯೂಯಾರ್ಕು, ಚಿಕಾಗೋಗಳ ಪಕ್ಕದಲ್ಲಿ ಇದೊಂದು ಹೋಬಳಿ ಊರು. ಆದರೂ 1919ರಲ್ಲಿ ಹುಟ್ಟಿದ ಪ್ಯಾಕರ್ಸ್ ತಂಡ ಇಂದಿಗೂ ಅಲ್ಲಿಯೇ ಇದೆ. ಅದಕ್ಕೆ ಒಬ್ಬ ಶ್ರೀಮಂತ ಮಾಲೀಕನಿಲ್ಲ. 1923ರಿಂದ ಅದು ಸಾರ್ವಜನಿಕರ ಸೊತ್ತು. ಐದು ಲಕ್ಷಕ್ಕೂ ಹೆಚ್ಚು ಮಂದಿ ಅದರ ಷೇರುದಾರರು. ಆ ಷೇರಿಗೆ ಲಾಭಾಂಶವಿಲ್ಲ, ಅದನ್ನು ಲಾಭಕ್ಕೆ ಮಾರುವಂತೆಯೂ ಇಲ್ಲ. ಗೋಡೆಗೆ ಕಟ್ಟು ಹಾಕಿಸಿ ತೂಗುಹಾಕಲು ಒಂದು ಕಾಗದ, ಅಷ್ಟೆ. ಆದರೆ "ನಾನೂ ಒಬ್ಬ ಒಡೆಯ" ಎನ್ನುವ ಅಭಿಮಾನಿಯ ಮಾತಿಗೆ ಎಷ್ಟು ಬಿಸಿ ಇರುತ್ತದೆ ಎಂಬುದನ್ನು ನೀವೇ ಊಹಿಸಿಕೊಳ್ಳಬಹುದು. ಪತ್ರಿಕೆಯ ಪತ್ರವ್ಯವಹಾರದಲ್ಲಿ, ರೇಡಿಯೋದವರ ಫೋನ್ ಕಾರ್ಯಕ್ರಮದಲ್ಲಿ, ಕ್ಷೌರದ ಅಂಗಡಿಯಲ್ಲಿ, ಎಲ್ಲೆಲ್ಲೂ ಒಂದೇ ಪ್ರಶ್ನೆ: ಈ ವರ್ಷ ಹುಡುಗರನ್ನು ನಂಬೋಣವೋ, ದುಡ್ಡು ಕೊಟ್ಟು ಪಳಗಿದವರನ್ನು ತರೋಣವೋ?

ಕರುವಿನ ಪಕ್ಷದವರ ಮಾತನ್ನು ಮೊದಲು ಕೇಳೋಣ. ಅವರು 1958ನ್ನು ನೆನಪಿಸುತ್ತಾರೆ. ಆ ವರ್ಷದ ಡ್ರಾಫ್ಟಿನಲ್ಲಿ ಗ್ರೀನ್ ಬೇ ಎರಡು, ಮೂರು, ನಾಲ್ಕನೆಯ ಸುತ್ತುಗಳಲ್ಲಿ ಜಿಮ್ ಟೇಲರ್, ರೇ ನಿಟ್ಶ್ಕಿ, ಜೆರ್ರಿ ಕ್ರೇಮರ್ ಎಂಬ ಮೂವರನ್ನು ಆರಿಸಿತು. ಆ ವರ್ಷ ತಂಡ ಹನ್ನೆರಡು ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು. ಮರುವರ್ಷ ವಿನ್ಸ್ ಲೊಂಬಾರ್ಡಿ ಎಂಬ ತರಬೇತುದಾರ ಬಂದ. ಇದೇ ಹುಡುಗರನ್ನು ತಿದ್ದಿ 1961ರಿಂದ 1967ರ ಒಳಗೆ ಐದು ಸಲ ಚಾಂಪಿಯನ್ ಪಟ್ಟ ಗೆದ್ದ. ಆ ಮೂವರೂ ಈಗ ಆಟದ ಕೀರ್ತಿಮಂದಿರವಾದ ಹಾಲ್ ಆಫ್ ಫೇಮಿನಲ್ಲಿದ್ದಾರೆ. ತಂಡವನ್ನು ನಡೆಸಿದ ಬಾರ್ಟ್ ಸ್ಟಾರ್ 1956ರಲ್ಲಿ ಹದಿನೇಳನೆಯ ಸುತ್ತಿನಲ್ಲಿ, 200ನೆಯವನಾಗಿ ಸಿಕ್ಕಿದವನು. 2005ರಲ್ಲಿ 24ನೆಯವನಾಗಿ ಆರಿಸಿದ ಏರನ್ ರಾಜರ್ಸ್ ಮೂರು ವರ್ಷ ಹಿರಿಯನ ಹಿಂದೆ ಬೆಂಚಿನಲ್ಲಿ ಕುಳಿತ. 2011ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದುಕೊಟ್ಟ. ಸಾಕಿದ ಕರು ಕೈಬಿಡುವುದಿಲ್ಲ ಎಂಬುದು ಇವರ ಸಿದ್ಧಾಂತ.

ಹಸುವಿನ ಪಕ್ಷದವರು ಸುಮ್ಮನಿರುತ್ತಾರೆಯೆ? ಅವರು 1989ನ್ನು ತೆಗೆಯುತ್ತಾರೆ. ಆ ವರ್ಷ ಎರಡನೆಯ ಸರದಿ ಗ್ರೀನ್ ಬೇಯದು. ಟೋನಿ ಮ್ಯಾಂಡರಿಚ್ ಎಂಬ ಆಜಾನುಬಾಹುವನ್ನು ಆರಿಸಿದರು. ಅವನ ಹಿಂದಿನವನೊಬ್ಬ, ಮುಂದಿನವರು ಮೂವರು, ಅಂತೂ ಮೊದಲ ಐವರಲ್ಲಿ ನಾಲ್ವರು ಹಾಲ್ ಆಫ್ ಫೇಮ್ ಸೇರಿದರು, ಸೇರದವನು ಇವನೊಬ್ಬನೇ. 1991ರ ಅನಂತರ ಗ್ರೀನ್ ಬೇಗಾಗಿ ಅವನು ಆಡಲೇ ಇಲ್ಲ. "ನಿಮ್ಮ ಕರು ಎಲ್ಲಿ ಹೋಯಿತು ಸ್ವಾಮಿ?" ಎಂದು ಇವರು ಕೇಳುತ್ತಾರೆ. ತಮ್ಮ ಕಡೆಗೆ ರೆಜಿ ವೈಟ್‌ನ ಹೆಸರು ಹೇಳುತ್ತಾರೆ. ಅವನ ಕಥೆ ಸ್ವಲ್ಪ ವಿವರವಾಗಿಯೇ ಹೇಳಬೇಕಾದದ್ದು.

1993ಕ್ಕೆ ಮುಂಚೆ ಕರಾರು ತೀರಿದ ಆಟಗಾರನೂ ನಿಜವಾಗಿ ಸ್ವತಂತ್ರನಾಗಿರಲಿಲ್ಲ. ಬೇರೆ ತಂಡ ಕರೆದರೆ ಹಳೆಯ ತಂಡಕ್ಕೆ ಪರಿಹಾರ ಕೊಡಬೇಕೆಂಬಂಥ ಕಟ್ಟುಗಳಿದ್ದು ಯಾರೂ ಕರೆಯುತ್ತಿರಲಿಲ್ಲ. ಆಟಗಾರರು ಕೋರ್ಟಿಗೆ ಹೋದರು. 1992ರಲ್ಲಿ ಮಿನಿಯಾಪೊಲಿಸ್ಸಿನ ಜ್ಯೂರಿ ಲೀಗಿನ ವಿರುದ್ಧ ತೀರ್ಪು ಕೊಟ್ಟಿತು. ಅದರ ಹಿಂದೆಯೇ ಬಂದ ಮೊಕದ್ದಮೆಗೆ ಫಿಲಡೆಲ್ಫಿಯದ ರೆಜಿ ವೈಟ್‌ನ ಹೆಸರೇ ಬಿತ್ತು. ರಾಜಿಯಾಗಿ 1993ರಲ್ಲಿ ಸಂತೆ ತೆರೆಯಿತು. ಆಗ ಗ್ರೀನ್ ಬೇಯವರಿಗೆ ಎದೆ ಡವಗುಟ್ಟಿರಬೇಕು. 1968ರಿಂದ 1991ರವರೆಗಿನ ಇಪ್ಪತ್ತನಾಲ್ಕು ವರ್ಷಗಳಲ್ಲಿ ಎರಡೇ ಸಲ ಮುಂದಿನ ಸುತ್ತು ಕಂಡಿದ್ದ ತಂಡ. ಹಿಮ ಸುರಿಯುವ ಪುಟ್ಟ ಊರು. ಕರಿಯ ಜನಾಂಗದ ಆಟಗಾರರಿಗೆ ತಮ್ಮವರೆಂಬವರು ವಿರಳವಾದ ಸ್ಥಳ. ಆರಿಸಿಕೊಳ್ಳುವ ಹಕ್ಕು ಬಂದಮೇಲೆ ಇಲ್ಲಿಗೆ ಯಾರು ಬಂದಾರು? ಆ ವರ್ಷದ ಏಪ್ರಿಲಿನಲ್ಲಿ, ಸಂತೆಯಲ್ಲಿ ಎಲ್ಲರಿಗಿಂತ ಹೆಚ್ಚು ಬೇಡಿಕೆಯಿದ್ದ ವೈಟ್, ಕರಿಯ ಜನಾಂಗದವನೂ ಧರ್ಮಬೋಧಕನೂ ಆದವನು, ನಾಲ್ಕು ವರ್ಷಕ್ಕೆ 1 ಕೋಟಿ 70 ಲಕ್ಷ ಡಾಲರಿನ ಕರಾರಿಗೆ ಗ್ರೀನ್ ಬೇಯಲ್ಲಿಯೇ ಸಹಿ ಹಾಕಿದ. 1997ರ ಜನವರಿಯಲ್ಲಿ ತಂಡ ಸೂಪರ್ ಬೌಲ್ ಗೆದ್ದಾಗ ಎದುರು ಪಕ್ಷದ ನಾಯಕನನ್ನು ಮೂರು ಸಲ ಕೆಡವಿದವನು ಅವನೇ. ವೈಟ್ ಬಂದದ್ದನ್ನು ಕಂಡು ಬೇರೆಯವರೂ ಬಂದರು.

ಹಾಗಾದರೆ ಹಸುವಿನ ಪಕ್ಷವೇ ಗೆದ್ದಿತೆ? ಇಲ್ಲ. 2002ರಲ್ಲಿ ಜೋ ಜಾನ್ಸನ್ ಎಂಬ ಅನುಭವಿಗೆ ಇದೇ ತಂಡ ಆರು ವರ್ಷದ ಭಾರಿ ಕರಾರು ಕೊಟ್ಟಿತು; ಎರಡು ವರ್ಷವೂ ಗಾಯದಿಂದ ಒದ್ದಾಡಿ ಅವನು ಮನೆಗೆ ಹೋದ. ಆಮೇಲೆ 2005ರಿಂದ ತಂಡದ ಆಡಳಿತ ನಡೆಸಿದ ಟೆಡ್ ಥಾಂಪ್ಸನ್ ಸಂತೆಯ ಕಡೆ ತಲೆಹಾಕಿದ್ದೇ ಅಪರೂಪ. "ಈ ಮನುಷ್ಯ ಪೆಟ್ಟಿಗೆಯ ಬೀಗ ತೆಗೆಯುವುದಿಲ್ಲ" ಎಂದು ಅಭಿಮಾನಿಗಳು ವರ್ಷವರ್ಷವೂ ಗೊಣಗಿದರು. ಆದರೆ ಅವನು ಹೋದ ಒಂದೆರಡು ಸಲ, 2006ರಲ್ಲಿ, ಮೂವತ್ತರ ಹತ್ತಿರದ ಚಾರ್ಲ್ಸ್ ವುಡ್ಸನ್‌ನನ್ನು ತಂದ; 2009ರಲ್ಲಿ ವುಡ್ಸನ್ ಲೀಗಿನ ಅತ್ಯುತ್ತಮ ರಕ್ಷಣಾ ಆಟಗಾರನೆನಿಸಿದ. 2011ರಲ್ಲಿ ಸೂಪರ್ ಬೌಲ್ ಗೆದ್ದ ಆ 'ಮನೆಯಲ್ಲಿ ಬೆಳೆದ' ತಂಡದಲ್ಲಿ ಅವನೂ ಇದ್ದ. ಥಾಂಪ್ಸನ್ ಅನಂತರ ಬಂದ ಬ್ರಯನ್ ಗುಟೆಕುನ್ಸ್ಟ್ 2019ರ ಮಾರ್ಚಿಯಲ್ಲಿ ನಾಲ್ವರು ಫ್ರೀ ಏಜೆಂಟರನ್ನು ಒಟ್ಟಿಗೇ ಕರೆತಂದ. ಹಿಂದಿನ ವರ್ಷ ಆರೇ ಪಂದ್ಯ ಗೆದ್ದಿದ್ದ ತಂಡ ಆ ವರ್ಷ ಹದಿಮೂರು ಗೆದ್ದಿತು. ಆಗಲೂ ಚೆಂಡೆಸೆಯುತ್ತಿದ್ದವನು 2005ರಲ್ಲಿ ಸಾಕಿದ ಅದೇ ರಾಜರ್ಸ್. ಕೊಟ್ಟಿಗೆಯಲ್ಲಿ ಬೆಳೆದದ್ದು ಹೆಚ್ಚು, ಕೊರತೆಯ ಜಾಗಕ್ಕೆ ಕೊಂಡದ್ದು ಕೆಲವು: ಗ್ರೀನ್ ಬೇಯ ಒಳ್ಳೆಯ ವರ್ಷಗಳ ಸೂತ್ರ ಇಷ್ಟೆ.

ಈ ಸೂತ್ರದ ಹಿಂದೆ ಒಂದು ಲೆಕ್ಕವಿದೆ. ಸಂತೆ ತೆರೆದ ಮರುವರ್ಷ, 1994ರಿಂದ, ಯಾವ ತಂಡವೂ ಆಟಗಾರರ ಸಂಬಳಕ್ಕೆ ಗೊತ್ತುಮಾಡಿದ ಮೊತ್ತಕ್ಕಿಂತ ಹೆಚ್ಚು ಖರ್ಚು ಮಾಡಬಾರದೆಂಬ ಮಿತಿ ಬಂತು. ಆಗ ಅದು 3 ಕೋಟಿ 46 ಲಕ್ಷ ಡಾಲರು. 2025ರಲ್ಲಿ 27 ಕೋಟಿ 92 ಲಕ್ಷ. ನ್ಯೂಯಾರ್ಕಿಗೂ ಅಷ್ಟೆ, ಗ್ರೀನ್ ಬೇಗೂ ಅಷ್ಟೆ. ಒಬ್ಬನಿಗೆ ಹೆಚ್ಚು ಬಡಿಸಿದರೆ ಇನ್ನೊಬ್ಬನ ಎಲೆಯಲ್ಲಿ ಕಡಿಮೆಯಾಗಲೇಬೇಕು. ಆದ್ದರಿಂದ ಕಡಿಮೆ ಸಂಬಳಕ್ಕೆ ಚೆನ್ನಾಗಿ ಆಡುವ ಹುಡುಗನೇ ನಿಜವಾದ ಐಶ್ವರ್ಯ. ಅವನಲ್ಲಿ ಉಳಿದ ಹಣದಿಂದಲೇ ಪಳಗಿದವನನ್ನು ಕೊಳ್ಳಬೇಕು. ಇನ್ನೊಂದು ನಿಯಮವನ್ನೂ ನೋಡಿ: ಸಂತೆಯಲ್ಲಿ ಕೊಂಡದ್ದಕ್ಕಿಂತ ಕಳೆದುಕೊಂಡದ್ದು ಹೆಚ್ಚಾದ ತಂಡಕ್ಕೆ ಮುಂದಿನ ಡ್ರಾಫ್ಟಿನಲ್ಲಿ ಹೆಚ್ಚುವರಿ ಸರದಿ ಕೊಡುತ್ತಾರೆ. ಹಸು ಬೇರೆಯವರ ಕೊಟ್ಟಿಗೆಗೆ ಹೋದರೆ ಪರಿಹಾರವಾಗಿ ಒಂದು ಕರು! ಎರಡು ಪಕ್ಷದವರೂ ಜಗಳವಾಡುತ್ತಿರುವುದು ಒಂದೇ ಕಡತದ ಎರಡು ಪುಟಗಳ ವಿಷಯಕ್ಕೆ.

ವಿದ್ವಾಂಸರೂ ಇದನ್ನು ಬಿಟ್ಟಿಲ್ಲ. 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ಪಡೆದ ರಿಚರ್ಡ್ ಥೇಲರ್, ಕೇಡ್ ಮ್ಯಾಸಿ ಎಂಬ ಸಹೋದ್ಯೋಗಿಯೊಡನೆ ಡ್ರಾಫ್ಟಿನ ಲೆಕ್ಕಗಳನ್ನು ಜಾಲಾಡಿದರು. ಒಂದೇ ಸ್ಥಾನದಲ್ಲಿ ಆಡುವ ಇಬ್ಬರನ್ನು ಒಬ್ಬರ ಹಿಂದೊಬ್ಬರಂತೆ ಆರಿಸಿದಾಗ, ಮೊದಲು ಆರಿಸಿದವನೇ ಮುಂದೆ ಹೆಚ್ಚು ಆಡಿದವನಾಗುವುದು ನೂರಕ್ಕೆ 52 ಸಲ ಮಾತ್ರ ಎಂದು ಕಂಡರು. ನಾಣ್ಯ ಚಿಮ್ಮಿದರೂ ಐವತ್ತು ಸರಿಹೋಗುತ್ತದೆ! ಪಟ್ಟಿಯ ತುದಿಯ ಹೆಸರಿಗಾಗಿ ತಂಡಗಳು ಅತಿಯಾಗಿ ಬೆಲೆ ತೆರುತ್ತವೆ ಎಂಬುದು ಅವರ ಬುದ್ಧಿವಾದ. ಕರು ಕೊಳ್ಳುವವನೂ ಸುಳಿ ನೋಡಿ ಮರುಳಾಗಬಾರದು.

ಇಲ್ಲಿಗೆ ವ್ಯಾಪಾರದ ಮಾತು ಸಾಕು. ಹುಡುಗ ಅಗ್ಗ, ಹಿರಿಯ ದುಬಾರಿ ಎಂದು ಇಷ್ಟು ಹೊತ್ತೂ ಹೇಳಿಕೊಂಡು ಬಂದೆವಲ್ಲ, ಹುಡುಗ ಏಕೆ ಅಗ್ಗ ಎಂದು ಯಾರೂ ಕೇಳಲಿಲ್ಲ. ಅವನಿಗೆ ಆಟ ಬಾರದೆಂದೆ? ಎಷ್ಟೋ ಸಲ ಅವನೇ ತಂಡದ ಮುಖ್ಯ ಆಧಾರ. ಅವನು ಅಗ್ಗವಾಗಿರುವುದಕ್ಕೆ ಕಾರಣ, ಯಾವ ಊರಿನಲ್ಲಿ ಕೆಲಸ ಮಾಡುತ್ತೀಯೆ, ಎಷ್ಟಕ್ಕೆ ಮಾಡುತ್ತೀಯೆ ಎಂದು ಅವನನ್ನು ಕೇಳುವವರಿಲ್ಲದಿರುವುದು. ಹಿರಿಯ ದುಬಾರಿ ಆಗುವುದು, ಅವನನ್ನು ಬದುಕಿನಲ್ಲಿ ಮೊದಲ ಸಲ ಹಾಗೆ ಕೇಳಿದಾಗ.

ಇದಕ್ಕೂ ಒಂದು ಮೊಕದ್ದಮೆ ನಡೆದಿತ್ತು. ಜೇಮ್ಸ್ ಸ್ಮಿತ್ ಎಂಬ ತರುಣನನ್ನು 1968ರಲ್ಲಿ ವಾಷಿಂಗ್ಟನ್ ತಂಡ ಮೊದಲ ಸುತ್ತಿನಲ್ಲಿಯೇ ಆರಿಸಿತು. ಮೊದಲ ವರ್ಷದ ಕೊನೆಯ ಪಂದ್ಯದಲ್ಲಿ ಕುತ್ತಿಗೆಗೆ ಪೆಟ್ಟಾಯಿತು. ಅಲ್ಲಿಗೆ ಅವನ ಆಟ ಮುಗಿಯಿತು. ಡ್ರಾಫ್ಟು ಇಲ್ಲದಿದ್ದರೆ ತಾನು ಹಲವು ತಂಡಗಳೊಡನೆ ಮಾತಾಡಿ ಒಳ್ಳೆಯ ಕರಾರು ಪಡೆಯುತ್ತಿದ್ದೆನೆಂದು 1970ರಲ್ಲಿ ದಾವೆ ಹೂಡಿದ. ಆಗಿನ ರೂಪದ ಡ್ರಾಫ್ಟು ಕಾನೂನಿಗೆ ವಿರುದ್ಧವೆಂದು ಕೋರ್ಟು ಒಪ್ಪಿತು. 1978ರಲ್ಲಿ ಮೇಲಿನ ಕೋರ್ಟೂ ಅದನ್ನೇ ಹೇಳಿತು. ಆದರೆ ಅಷ್ಟರಲ್ಲಿ, 1977ರಲ್ಲಿ, ಮಾಲೀಕರೂ ಆಟಗಾರರ ಸಂಘವೂ ಕುಳಿತು ಒಪ್ಪಂದ ಮಾಡಿಕೊಂಡು ಡ್ರಾಫ್ಟನ್ನು ಅದರೊಳಗೆ ಸೇರಿಸಿದ್ದರು. ಸಂಘ ಒಪ್ಪಿದ ಕಟ್ಟಳೆಯನ್ನು ಕೋರ್ಟು ಕೆದಕುವುದಿಲ್ಲ. ಆ ದಾರಿ ಮುಚ್ಚಿತು.

ಸಂಘದಲ್ಲಿ ಇರುವವರು ಯಾರು? ಆಗಲೇ ಆಡುತ್ತಿರುವವರು. ನಾಳೆ ಬರುವ ಹುಡುಗ ಇನ್ನೂ ಕಾಲೇಜಿನಲ್ಲಿರುತ್ತಾನೆ, ಅವನಿಗೆ ಮತವಿಲ್ಲ. 2010ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಸ್ಯಾಮ್ ಬ್ರ್ಯಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7 ಕೋಟಿ 80 ಲಕ್ಷ ಡಾಲರಿನ ಕರಾರು ಸಿಕ್ಕಿತ್ತು. ಒಂದು ಪಂದ್ಯವನ್ನೂ ಆಡದವನಿಗೆ ಇಷ್ಟೇ ಎಂದು ಹಿರಿಯರೂ ಮಾಲೀಕರೂ ಹುಬ್ಬುಗಂಟಿಕ್ಕಿದರು. 2011ರ ಒಪ್ಪಂದದಲ್ಲಿ ಹೊಸಬರ ಸಂಬಳಕ್ಕೆ ದರಪಟ್ಟಿ ಬಂತು. ಆ ವರ್ಷ ಮೊದಲನೆಯವನಾದ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸಿಕ್ಕಿದ್ದು ಸುಮಾರು 2 ಕೋಟಿ 20 ಲಕ್ಷ. ಮೊತ್ತ ಈಗಲೂ ದೊಡ್ಡದೇ, ನಿಜ. ಆದರೆ ಏಳನೆಯ ಸುತ್ತಿನವನ ಪಾಡು ಬೇರೆ. ಹೊಸಬನ ಕರಾರು ನಾಲ್ಕು ವರ್ಷದ್ದು. ಆಟಗಾರರ ಸಂಘ ಹೇಳುತ್ತ ಬಂದ ಲೆಕ್ಕದಂತೆ ಸರಾಸರಿ ಆಟಗಾರ ಉಳಿಯುವುದು ಮೂರು ವರ್ಷಕ್ಕೆ ಸ್ವಲ್ಪ ಮೇಲೆ. ಲೀಗಿನವರು ಇದನ್ನು ಒಪ್ಪದೆ ಹೆಚ್ಚು ಹೇಳುತ್ತಾರೆ. ಹೇಗಿದ್ದರೂ ಸಂತೆಯ ದಿನ ಬರುವ ಮೊದಲೇ ಮೊಣಕಾಲೋ ಕುತ್ತಿಗೆಯೋ ಕೈಕೊಟ್ಟು ಊರಿಗೆ ಮರಳುವವರು ಬಹುಮಂದಿ. ಅವರ ಮಟ್ಟಿಗೆ ಆ ಅಗ್ಗದ ಬೆಲೆಯೇ ಮೊದಲ ಬೆಲೆ, ಅದೇ ಕೊನೆಯ ಬೆಲೆ.

ಹಾಗೆಂದು ಡ್ರಾಫ್ಟನ್ನೇ ಕಿತ್ತೊಗೆಯೋಣವೆ? ಅದೂ ಅಷ್ಟು ಸುಲಭವಲ್ಲ. ಸೋತವನಿಗೆ ಮೊದಲ ಸರದಿ ಎಂಬ ನಿಯಮ, ಸಂಬಳದ ಮಿತಿ, ಟೆಲಿವಿಷನ್ ಹಣದ ಸಮಪಾಲು, ಇವು ಇರುವುದರಿಂದಲೇ ಗ್ರೀನ್ ಬೇಯಂಥ ಊರು ಮಹಾನಗರಗಳ ಎದುರಿಗೆ ನಿಂತಿದೆ. 2025ರ ಏಪ್ರಿಲಿನಲ್ಲಿ ಡ್ರಾಫ್ಟಿನ ಸಭೆಯೇ ಆ ಊರಿಗೆ ಬಂದಾಗ ಮೂರು ದಿನಗಳಲ್ಲಿ ಒಟ್ಟು ಆರು ಲಕ್ಷ ಜನ ಸೇರಿದ್ದರು. ಅದು ಜಾತ್ರೆಯಲ್ಲದೆ ಮತ್ತೇನು? ಸೋತವರಿಗೂ ನಾಳೆಯ ಆಸೆ ಉಂಟು ಎಂಬುದನ್ನು ಬಿಟ್ಟರೆ ಅಲ್ಲಿ ನೋಡುವುದಕ್ಕೆ ಇದ್ದದ್ದು ಹೆಸರು ಓದುವುದೊಂದೇ. ಅಷ್ಟು ಮಂದಿಯ ಸಂತೋಷವನ್ನು ಹಗುರವಾಗಿ ಕಾಣಬಾರದು. ಆದರೆ ಅದರ ವೆಚ್ಚದ ಒಂದು ಪಾಲನ್ನು ಆ ಹೆಸರಿನ ಹುಡುಗರೇ ತೆರುತ್ತಿದ್ದಾರೆ ಎಂಬುದನ್ನೂ ಮರೆಯಬಾರದು. 2020ರಲ್ಲಿ ಆಟಗಾರರು 1,019ಕ್ಕೆ 959 ಮತಗಳಿಂದ, ಅಂದರೆ ಕೂದಲೆಳೆಯ ಅಂತರದಲ್ಲಿ, ಒಪ್ಪಿದ ಕರಾರು 2030ರ ಆಟದವರೆಗೆ ನಡೆಯುತ್ತದೆ. ಮತ್ತೆ ಕುಳಿತಾಗ ನಾಲ್ಕು ವರ್ಷವನ್ನು ಮೂರು ಮಾಡಬಹುದು; ಚೆನ್ನಾಗಿ ಆಡಿದ ಹುಡುಗನಿಗೆ ನಡುವೆಯೇ ಹೆಚ್ಚಿಸಬಹುದು. ಊರೂ ಉಳಿಯಲು, ಹುಡುಗನೂ ಉಳಿಯಲು ದಾರಿಗಳಿವೆ.

ಇದು ದೂರದ ಊರಿನ ಆಟದ ಮಾತೆಂದು ತಳ್ಳಿಬಿಡಬೇಡಿ. ನಮ್ಮ ಮನೆಗಳಲ್ಲಿಯೂ ಹರಾಜಿನ ದಿನ ಎಲ್ಲರೂ ಲೆಕ್ಕಿಗರೇ. "ಇವನು ಅಗ್ಗಕ್ಕೆ ಸಿಕ್ಕ, ಅವನು ದಂಡ" ಎಂದು ಕಾಫಿ ಲೋಟ ಕೆಳಗಿಡುವ ಮುಂಚೆ ಹೇಳಿ ಮುಗಿಸುತ್ತೇವೆ. ಹೇಳೋಣ, ಅಭಿಮಾನಿಗೆ ಅಷ್ಟು ಹಕ್ಕುಂಟು. ಜೊತೆಗೆ ಎರಡು ಪ್ರಶ್ನೆಗಳನ್ನು ಸೇರಿಸಿಕೊಂಡರೆ ಸಾಕು. ಅಗ್ಗಕ್ಕೆ ಸಿಕ್ಕವನನ್ನು ಯಾರಾದರೂ ಕೇಳಿದ್ದರೆ? ದುಬಾರಿಯಾದವನು ಅದಕ್ಕೆ ಮುಂಚೆ ಎಷ್ಟು ವರ್ಷ ಅಗ್ಗವಾಗಿ ದುಡಿದಿದ್ದ? ಕರುವನ್ನು ಕೊಳ್ಳುವವನು ಕರುವಿನ ಒಪ್ಪಿಗೆ ಪಡೆಯಬೇಕಾಗಿಲ್ಲ. ಹುಡುಗನ ವಿಷಯ ಹಾಗಲ್ಲ.